ಅಪ್ಪ ಅಮ್ಮ ಇಲ್ಲದ ಬಾಲ್ಯವನ್ನು ಬರೆಯಲು ಕೂತಾಗ

ಅನಾಥಾಶ್ರಮದಲ್ಲೋ ಬಂಧುಗಳ ಮನೆಯಲ್ಲೋ ಬೆಳೆದವರು ತಮ್ಮ ಬಾಲ್ಯದ ಕಥೆ ಬರೆಯಲು ಕೂತರೆ ಮೊದಲ ಸಾಲಿಗೇ ತಡವರಿಸುತ್ತಾರೆ. ‘ನಾನು ಹುಟ್ಟಿದ್ದು’ ಅಂತ ಶುರು ಮಾಡುತ್ತಾರೆ, ಪೆನ್ನು ಅಲ್ಲೇ ನಿಂತುಬಿಡುತ್ತದೆ. ಎಷ್ಟೋ ಜನರಿಗೆ ಹುಟ್ಟಿದ ದಿನ ಗೊತ್ತಿರುವುದಿಲ್ಲ. ದಾಖಲೆಯಲ್ಲಿರುವ ತಾರೀಖು ಯಾರೋ ಹಲ್ಲು ನೋಡಿ, ಎತ್ತರ ನೋಡಿ ಅಂದಾಜಿಗೆ ಬರೆದದ್ದು. ನನ್ನದೂ ಅಂಥ ಅಂದಾಜಿನ ತಾರೀಖೇ. ಆಶ್ರಮದಲ್ಲಿ ಬೆಳೆದೆ, ನನ್ನ ಕಥೆ ಬರೆದೆ. ಈಗ ನನ್ನಂಥವರು ಬರೆಯುವಾಗ ಅವರ ಪಕ್ಕದಲ್ಲಿ ಕೂರುತ್ತೇನೆ. ಹಾಗೆ ಕೂತು ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಕಥೆಯಲ್ಲಿ ಖಾಲಿ ಜಾಗಗಳು ಜಾಸ್ತಿ. ಅಪ್ಪ ಅಮ್ಮನ ಜೊತೆ ಬೆಳೆದವರಿಗೆ ‘ನೀನು ಸಣ್ಣವಳಿದ್ದಾಗ ಹೀಗೆ ಮಾಡ್ತಿದ್ದೆ’ ಅಂತ ಹೇಳಲು ಒಬ್ಬರಾದರೂ ಇರುತ್ತಾರೆ. ನಮಗೆ ಇರುವುದಿಲ್ಲ. ಹಾಗಾಗಿ ಆ ಜಾಗ ತುಂಬಿಸಲು ಮನಸ್ಸು ಹಾತೊರೆಯುತ್ತದೆ. ಅಮ್ಮನ ಮುಖ, ಅವಳ ಕೊನೆಯ ಮಾತು, ಬಿಟ್ಟುಹೋದ ದಿನ ಸುರಿದ ಮಳೆ ಎಲ್ಲವೂ ತಾನಾಗಿ ಹುಟ್ಟಿಕೊಳ್ಳುತ್ತವೆ. ಅವನ್ನು ನಡೆದ ಸಂಗತಿ ಅಂತ ಬರೆಯಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆಯಿರಿ. ಮುಂದೆ ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಮೊದಲು ನಕ್ಷೆ ಬರೆಯಿರಿ

ಹುಟ್ಟಿನಿಂದ ಶುರು ಮಾಡಲೇಬೇಕು ಅಂತೇನಿಲ್ಲ. ನೀವು ಮಲಗುತ್ತಿದ್ದ ಜಾಗದಿಂದ ಶುರು ಮಾಡಿ. ಒಂದು ದೊಡ್ಡ ಹಾಳೆ ತೆಗೆದುಕೊಂಡು ಆ ಕೋಣೆಯ ನಕ್ಷೆ ಬರೆಯಿರಿ. ಚಿತ್ರ ಚೆನ್ನಾಗಿ ಬರಬೇಕಿಲ್ಲ. ಬಾಗಿಲು, ಕಿಟಕಿ, ನಿಮ್ಮ ಮಂಚ ಅಥವಾ ಚಾಪೆ, ಆ ಪಕ್ಕ ಈ ಪಕ್ಕ ಮಲಗುತ್ತಿದ್ದವರ ಹೆಸರು, ಬೀಗ ಇದ್ದ ಕಪಾಟು, ಬಟ್ಟೆ ಒಣಗುತ್ತಿದ್ದ ಹಗ್ಗ, ನೀರಿನ ನಲ್ಲಿ. ನೆನಪಾಗದ ಮೂಲೆಯನ್ನು ಖಾಲಿ ಬಿಡಿ.

ನಮ್ಮದು ಉದ್ದನೆಯ ಹಾಲ್. ಎರಡೂ ಗೋಡೆಗೆ ಕಬ್ಬಿಣದ ಮಂಚಗಳ ಸಾಲು. ನಕ್ಷೆ ಬರೆಯುವಾಗ ಲೈಟಿನ ಸ್ವಿಚ್ಚಿಗೆ ಗುರುತು ಹಾಕಲು ಹೋದೆ, ಎಲ್ಲೂ ಜಾಗ ಸಿಗಲಿಲ್ಲ. ಆಮೇಲೆ ಹೊಳೆಯಿತು: ಸ್ವಿಚ್ಚು ಹಾಲ್ ಒಳಗೆ ಇರಲೇ ಇಲ್ಲ, ಹೊರಗೆ ವರಾಂಡದಲ್ಲಿತ್ತು. ಒಮ್ಮೆ ಆರಿಸಿದರೆ ಬೆಳಗಿನವರೆಗೂ ಕತ್ತಲೆ. ಅದು ನೆನಪಾದದ್ದೇ ತಡ, ರಾತ್ರಿ ನಾವು ಬಾತ್‌ರೂಮಿಗೆ ಹೇಗೆ ಹೋಗುತ್ತಿದ್ದೆವು ಅನ್ನುವುದೂ ಬಂತು. ಮಂಚದ ಕಾಲುಗಳನ್ನು ಕೈಯಲ್ಲಿ ಮುಟ್ಟಿ ಎಣಿಸುತ್ತಾ ಹೋಗುತ್ತಿದ್ದೆವು. ಒಂದು ಮಂಚದ ಕಾಲಿಗೆ ಹಳೇ ಬಟ್ಟೆ ಸುತ್ತಿ ಗಂಟು ಹಾಕಿತ್ತು. ಅದು ಕೈಗೆ ಸಿಕ್ಕರೆ ಬಾಗಿಲು ಹತ್ತಿರ ಬಂತು ಅಂತ. ಆ ಬಟ್ಟೆ ಸುತ್ತಿದವಳು ನಮಗಿಂತ ದೊಡ್ಡ ಹುಡುಗಿ. ನಾವು ಅಕ್ಕ ಅನ್ನುತ್ತಿದ್ದೆವು. ಚಿಕ್ಕವರು ಕತ್ತಲಲ್ಲಿ ದಾರಿ ತಪ್ಪಬಾರದು ಅಂತ ಯಾರಿಗೂ ಹೇಳದೆ ಸುತ್ತಿದ್ದಳು. ‘ನನ್ನ ಬಾಲ್ಯ ಹೇಗಿತ್ತು’ ಅಂತ ಸುಮ್ನೆ ಕೂತು ಯೋಚಿಸಿದ್ದರೆ ಇದು ನನಗೆ ಸಿಗುತ್ತಿರಲಿಲ್ಲ.

ಬಂಧುಗಳ ಮನೆಯಲ್ಲಿ ಬೆಳೆದವರು ಆ ಮನೆಯ ನಕ್ಷೆ ಬರೆಯಿರಿ. ಆ ಮನೆಯ ಮಕ್ಕಳು ಎಲ್ಲಿ ಮಲಗುತ್ತಿದ್ದರು, ನೀವೆಲ್ಲಿ? ನಿಮ್ಮ ಪುಸ್ತಕ ಇಡಲು ಜಾಗವಿತ್ತಾ? ನೆಂಟರು ಬಂದಾಗ ಯಾರ ಹಾಸಿಗೆ ಜಾಗ ಬದಲಾಯಿಸುತ್ತಿತ್ತು? ಇಂಥ ಪ್ರಶ್ನೆಗೆ ಬರುವ ಉತ್ತರದಲ್ಲೇ ಒಂದೊಂದು ಅಧ್ಯಾಯ ಇರುತ್ತದೆ.

ನಕ್ಷೆ ಮುಗಿದ ಮೇಲೆ ಒಂದು ದಿನವನ್ನು ಬರೆಯಿರಿ. ಹಬ್ಬದ ದಿನ ಬೇಡ, ಗಲಾಟೆಯ ದಿನವೂ ಬೇಡ. ಏನೂ ಆಗದ ಮಾಮೂಲಿ ದಿನ. ಗಂಟೆ ಹೊಡೆದಾಗಿನಿಂದ ಲೈಟ್ ಆರುವವರೆಗೆ. ಹೀಗೆ ಬರೆಯುವಾಗ ದೊಡ್ಡ ದೊಡ್ಡ ಮಾತುಗಳು ತಾವಾಗಿ ಉದುರುತ್ತವೆ. ಒಬ್ಬರು ‘ಅಲ್ಲಿ ನಮ್ಮನ್ನು ಯಾರೂ ಪ್ರೀತಿಯಿಂದ ನೋಡಲಿಲ್ಲ’ ಅಂತ ಬರೆದಿದ್ದರು. ಜ್ವರ ಬಂದ ದಿನ ಏನಾಗುತ್ತಿತ್ತು ಅಂತ ಕೇಳಿದೆ. ತಿದ್ದಿ ತಂದದ್ದು ಹೀಗಿತ್ತು: ‘ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಥರ್ಮಾಮೀಟರ್ ಕೊಟ್ಟು ಕಳಿಸುತ್ತಿದ್ದರು. ಎಷ್ಟಿದೆ ಅಂತ ನಾವೇ ಓದಿ ಕೂಗಿ ಹೇಳಬೇಕಿತ್ತು.’ ಇದನ್ನು ಓದಿದ ಮೇಲೆ ಪ್ರೀತಿಯ ಬಗ್ಗೆ ಬೇರೆ ಸಾಲು ಬೇಕೇ ಆಗಲಿಲ್ಲ.

ಕಂಡದ್ದು, ಕೇಳಿದ್ದು, ಅಂದುಕೊಂಡದ್ದು

ದೊಡ್ಡವರಾದ ಮೇಲೆ ಹಿಂದೆ ತಿರುಗಿ ನೋಡಿದರೆ ಹೆಚ್ಚಿನವರಿಗೆ ಸಿಗುವ ಮೊದಲ ನೆನಪು ಸುಮಾರು ಮೂರು, ಮೂರೂವರೆ ವರ್ಷದ ಹೊತ್ತಿನದು. ಅದಕ್ಕೂ ಹಿಂದಿನದು ಉಳಿಯುವುದು ಅಪರೂಪ. ಅಂದರೆ ನಿಮಗೆ ಒಂದು ವರ್ಷವಿದ್ದಾಗ ತಂದೆ ತೀರಿಕೊಂಡಿದ್ದರೆ, ಆ ದಿನದ ಬಗ್ಗೆ ನಿಮ್ಮ ಮನಸ್ಸಿನಲ್ಲಿರುವ ಚಿತ್ರ ಆಮೇಲೆ ಯಾರೋ ಹೇಳಿದ್ದರಿಂದ ಕಟ್ಟಿಕೊಂಡದ್ದೇ ಇರಬೇಕು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಇದನ್ನು ವಿವರಿಸಿದ್ದರು. ನಾವು ನೆನಪನ್ನು ಇದ್ದ ಹಾಗೇ ಹೊರತೆಗೆಯುವುದಿಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುತ್ತೇವೆ.

ಹಾಗಾಗಿ ಮೊದಲ ಕರಡು ಬರೆಯುವಾಗ ಅಂಚಿನಲ್ಲಿ ಗುರುತು ಹಾಕುತ್ತಾ ಹೋಗಿ. ನೀವೇ ಕಂಡದ್ದಕ್ಕೆ ಒಂದು, ಬೇರೆಯವರಿಂದ ಕೇಳಿದ್ದಕ್ಕೆ ಒಂದು, ಅಂದುಕೊಂಡದ್ದಕ್ಕೆ ಇನ್ನೊಂದು. ಎರಡನೇ ಕರಡಿನಲ್ಲಿ ಈ ಗುರುತುಗಳೇ ಸಾಲುಗಳಾಗುತ್ತವೆ. ‘ನನಗೆ ನೆನಪಿರುವುದು ಇಷ್ಟು’, ‘ಬಹಳ ವರ್ಷದ ಮೇಲೆ ಒಬ್ಬರು ಹೇಳಿದರು’, ‘ಹೀಗಿರಬೇಕು ಅಂತ ನಾನು ಅಂದುಕೊಂಡಿದ್ದೆ’. ಓದುವವರಿಗೆ ಇದರಿಂದ ಬೇಜಾರಾಗುವುದಿಲ್ಲ. ನೀವು ಕಂಡೆ ಅಂದದ್ದನ್ನು ಅವರು ಪೂರ್ತಿ ನಂಬುತ್ತಾರೆ.

ಅಂದುಕೊಂಡದ್ದನ್ನು ಎಸೆಯಬೇಡಿ. ಮಗುವಾಗಿದ್ದಾಗ ಮನಸ್ಸಿನಲ್ಲೇ ಕಟ್ಟಿಕೊಂಡ ಕಥೆ ಕೂಡ ಆ ಬಾಲ್ಯದಲ್ಲಿ ನಡೆದ ಸಂಗತಿಯೇ, ಅಲ್ವಾ? ಭೇಟಿಯ ದಿನ ಗೇಟಿನ ಹತ್ತಿರ ಬರುವ ಹೆಂಗಸರಲ್ಲಿ ನಾನು ಕನ್ನಡಕ ಹಾಕಿದವರನ್ನೇ ನೋಡುತ್ತಿದ್ದೆ. ನನ್ನ ಅಮ್ಮ ಕನ್ನಡಕ ಹಾಕುತ್ತಾಳೆ ಅಂತ ನಾನೇ ತೀರ್ಮಾನಿಸಿದ್ದೆ, ಯಾಕಂದರೆ ನನಗೂ ದೂರದ್ದು ಕಾಣುತ್ತಿರಲಿಲ್ಲ. ಅಮ್ಮ ಕನ್ನಡಕ ಹಾಕುತ್ತಿದ್ದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಗೇಟಿನ ಹತ್ತಿರ ನಾನು ಹುಡುಕಿದ್ದು ನಿಜ. ಪುಸ್ತಕದಲ್ಲಿ ಎರಡನ್ನೂ ಬರೆದೆ.

ಫೈಲ್ ಕೇಳಿ

ಸಂಸ್ಥೆಯಲ್ಲಿ ಬೆಳೆದವರು ತಮ್ಮ ಹೆಸರಿನಲ್ಲಿ ಒಂದು ಫೈಲ್ ಇರಬಹುದು ಅನ್ನುವುದನ್ನೇ ಯೋಚಿಸುವುದಿಲ್ಲ. ಕೇಳುವುದು ನಿಮ್ಮ ಹಕ್ಕಿನ ಮಾತು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿ ಮಗುವಿನ ಗುರುತನ್ನು, ಅಂದರೆ ಹೆಸರು, ರಾಷ್ಟ್ರೀಯತೆ, ಕುಟುಂಬದ ಸಂಬಂಧಗಳನ್ನು ಕಾಪಾಡಬೇಕು ಅನ್ನುತ್ತದೆ. ಬೇರೆ ದೇಶಕ್ಕೆ ದತ್ತು ಹೋದವರಿಗೆ 1993ರ ಹೇಗ್ ಒಪ್ಪಂದವಿದೆ. ಮಗುವಿನ ಮೂಲದ ಮಾಹಿತಿಯನ್ನು, ತಂದೆತಾಯಿ ಯಾರು, ಅವರ ಕಾಯಿಲೆಗಳೇನು ಅನ್ನುವುದನ್ನೂ ಸೇರಿಸಿ, ಜೋಪಾನವಾಗಿ ಇಡಬೇಕು ಅಂತ ಅದರ 30ನೇ ವಿಧಿ ಹೇಳುತ್ತದೆ. ಆ ಮಾಹಿತಿ ಕೈಗೆ ಎಷ್ಟು ಸಿಗುತ್ತದೆ ಅನ್ನುವುದು ಆಯಾ ದೇಶದ ಕಾನೂನಿನ ಮೇಲೆ ನಿಂತಿದೆ.

ಇದಕ್ಕಾಗಿ ಹೋರಾಡಿದವರಲ್ಲಿ ಇಂಗ್ಲೆಂಡಿನ ಗ್ರಹಾಂ ಗ್ಯಾಸ್ಕಿನ್ ಒಬ್ಬರು. ತಾಯಿ ತೀರಿಕೊಂಡ ಮೇಲೆ ಅವರು ಬೆಳೆದದ್ದು ಲಿವರ್‌ಪೂಲ್ ಆಡಳಿತದ ಪಾಲನೆಯಲ್ಲಿ. ದೊಡ್ಡವರಾದ ಮೇಲೆ ತಮ್ಮ ಫೈಲ್ ಕೇಳಿದರು, ಪೂರ್ತಿ ಸಿಗಲಿಲ್ಲ. ಪ್ರಕರಣ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಯಿತು. 1989ರ ಜುಲೈನಲ್ಲಿ ತೀರ್ಪು ಅವರ ಪರವಾಗಿ ಬಂತು. ಇಂಥ ಪರಿಸ್ಥಿತಿಯಲ್ಲಿ ಬೆಳೆದವರಿಗೆ ತಮ್ಮ ಬಾಲ್ಯವನ್ನು ತಿಳಿದುಕೊಳ್ಳುವುದು ಬಹಳ ಮುಖ್ಯ ಅಂತ ನ್ಯಾಯಾಲಯ ಒಪ್ಪಿಕೊಂಡಿತು. ಕೈಯಲ್ಲಿ ಅರ್ಜಿ ಹಿಡಿದು ಹಿಂದೇಟು ಹಾಕುವವರಿಗೆಲ್ಲ ನಾನು ಈ ಪ್ರಕರಣ ಹೇಳುತ್ತೇನೆ.

ಕೇಳುವಾಗ ಬಾಯಿಮಾತಲ್ಲಿ ಕೇಳಬೇಡಿ, ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ. ‘ನನ್ನ ದಾಖಲೆ ಕೊಡಿ’ ಅಂದರೆ ಸಾಲದು. ಸೇರ್ಪಡೆಯ ರಿಜಿಸ್ಟರಿನ ಪುಟ, ಕರೆತಂದವರು ಯಾರು ಅನ್ನುವ ಕಾಲಂ, ಬಂದಾಗ ಮೈಮೇಲಿದ್ದ ವಸ್ತುಗಳ ಪಟ್ಟಿ, ಆರೋಗ್ಯದ ಕಾರ್ಡು, ಫೋಟೋ, ನಿಮಗೆ ಬಂದ ಪತ್ರಗಳು, ಕೋರ್ಟಿನ ಆದೇಶ ಅಂತ ಒಂದೊಂದನ್ನೂ ಹೆಸರಿಸಿ. ಸಂಸ್ಥೆ ಮುಚ್ಚಿಹೋಗಿದ್ದರೆ ಅದನ್ನು ನಡೆಸುತ್ತಿದ್ದ ಟ್ರಸ್ಟ್, ಧಾರ್ಮಿಕ ಸಂಸ್ಥೆ ಅಥವಾ ಸರ್ಕಾರಿ ಇಲಾಖೆಯನ್ನು ಕೇಳಿ. ನೀವು ಓದಿದ ಶಾಲೆಯ ದಾಖಲಾತಿ ಪುಸ್ತಕವನ್ನೂ ಮರೆಯಬೇಡಿ. ಇಲ್ಲ ಅಂದರೆ ಯಾಕಿಲ್ಲ ಅಂತ ಬರೆದು ಕೊಡಲು ಕೇಳಿ.

ವಸ್ತುಗಳ ಪಟ್ಟಿಯ ಮಾತು ಬಂದಾಗ ನನಗೆ ಲಂಡನ್ನಿನ ಫೌಂಡ್ಲಿಂಗ್ ಆಸ್ಪತ್ರೆ ನೆನಪಾಗುತ್ತದೆ. ಥಾಮಸ್ ಕೋರಂ ಅನ್ನುವವರು 1739ರಲ್ಲಿ ಸ್ಥಾಪಿಸಿದ್ದು. ಹೆಸರು ಆಸ್ಪತ್ರೆ, ಆದರೆ ಮಕ್ಕಳನ್ನು ಸಾಕುವ ಜಾಗ. ಅಲ್ಲಿ ಮಗುವನ್ನು ಬಿಟ್ಟುಹೋಗುವ ತಾಯಂದಿರು ಒಂದು ಗುರುತು ಇಟ್ಟುಹೋಗುತ್ತಿದ್ದರು. ಕೆತ್ತಿದ ನಾಣ್ಯ, ಬಟ್ಟೆಯ ತುಂಡು, ರಿಬ್ಬನ್ನು. ಮುಂದೆ ಯಾವತ್ತಾದರೂ ಬಂದರೆ ಇದು ನನ್ನ ಮಗು ಅಂತ ತೋರಿಸಲು. ಆ ಗುರುತನ್ನು ಸೇರ್ಪಡೆಯ ಕಾಗದದ ಜೊತೆ ಇಡುತ್ತಿದ್ದರು, ಮಗುವಿನ ಕೈಗೆ ಕೊಡುತ್ತಿರಲಿಲ್ಲ. ಮಗುವಿಗೆ ಹೊಸ ಹೆಸರು ಇಡುತ್ತಿದ್ದರು. ತಮಗೊಂದು ಗುರುತು ಬಿಟ್ಟುಹೋಗಿದ್ದಾರೆ ಅನ್ನುವುದೇ ಗೊತ್ತಿಲ್ಲದೆ ಆ ಮಕ್ಕಳು ಬೆಳೆದರು.

ನನ್ನ ಪುಟದಲ್ಲಿ ಹೀಗಿತ್ತು: ಫ್ರಾಕು 1, ಸ್ವೆಟರ್ 1, ಕೈ ಹೆಣಿಗೆ. ಅಷ್ಟೇ. ಆ ‘ಕೈ ಹೆಣಿಗೆ’ಯನ್ನು ಬಹಳ ಹೊತ್ತು ನೋಡಿದೆ. ಅಮ್ಮ ಹೆಣೆದದ್ದು ಅಂತ ಬರೆಯಲು ಕೈ ತುಡಿಯುತ್ತಿತ್ತು. ರಿಜಿಸ್ಟರಿನಲ್ಲಿ ಹಾಗಿಲ್ಲ. ಹಾಗಾಗಿ ಹೀಗೆ ಬರೆದೆ: ‘ಯಾರೋ ಒಬ್ಬರು ಕೂತು ನನ್ನ ಅಳತೆಗೆ ಒಂದು ಸ್ವೆಟರ್ ಹೆಣೆದಿದ್ದರು. ಅಥವಾ ಬೇರೆ ಮಗುವಿಗೆ ಹೆಣೆದದ್ದು ನನಗೆ ಬಂದಿತ್ತು. ಯಾರು ಅಂತ ಯಾರೂ ಬರೆದಿಟ್ಟಿಲ್ಲ.’ ಆ ಅಧ್ಯಾಯ ಓದಿದವರು ನನ್ನ ಹತ್ತಿರ ಮಾತಾಡುವುದು ಈ ಸಾಲುಗಳ ಬಗ್ಗೆಯೇ.

ಫೈಲ್ ಕೈಗೆ ಬಂದ ದಿನ ಒಬ್ಬರೇ ಕೂತು ಓದಬೇಡಿ, ರಾತ್ರಿ ಹೊತ್ತು ಓದಬೇಡಿ. ನಂಬಿಕೆಯವರೊಬ್ಬರು ಪಕ್ಕದಲ್ಲಿರಲಿ. ಅದರಲ್ಲಿರುವ ಭಾಷೆ ಒರಟಾಗಿರಬಹುದು. ‘ಹಠಮಾರಿ’, ‘ಸುಳ್ಳು ಹೇಳುತ್ತಾಳೆ’, ‘ಹಾಸಿಗೆ ಒದ್ದೆ ಮಾಡುತ್ತಾಳೆ’ ಅಂತ ಇರಬಹುದು. ಅದು ಕೆಲಸದ ಮಧ್ಯೆ ಯಾರೋ ಗೀಚಿದ ಸಾಲು, ನಿಮ್ಮ ಬಗ್ಗೆ ಕೊಟ್ಟ ತೀರ್ಪು ಅಂತ ತೆಗೆದುಕೊಳ್ಳಬೇಡಿ. ಬರೆಯುವಾಗ ಆ ಸಾಲನ್ನು ಇದ್ದ ಹಾಗೇ ಹಾಕಿ, ಕೆಳಗೆ ಆ ದಿನಗಳಲ್ಲಿ ನಿಮಗೆ ಏನು ನಡೆಯುತ್ತಿತ್ತು ಅಂತ ಬರೆಯಿರಿ. ವಾದ ಮಾಡಬೇಡಿ. ಎರಡೂ ಅಕ್ಕಪಕ್ಕ ಇದ್ದರೆ ಸಾಕು.

ಪಕ್ಕದ ಮಂಚದವರು

ಅಣ್ಣ, ಅಕ್ಕ, ಅತ್ತೆ ಇಲ್ಲದಿದ್ದರೂ ಜೊತೆಗೆ ಬೆಳೆದವರು ಇದ್ದಾರಲ್ಲ. ಅವರನ್ನು ಹುಡುಕಿ. ಆದರೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳಬೇಡಿ. ಒಬ್ಬರ ಮಾತು ಇನ್ನೊಬ್ಬರ ನೆನಪಿನೊಳಗೆ ಸೇರಿಹೋಗುತ್ತದೆ. ಮೊದಲು ಬೇರೆ ಬೇರೆಯಾಗಿ ಕೇಳಿ, ಆಮೇಲೆ ಬೇಕಾದರೆ ಸೇರಿ ಹರಟಿ.

ಪ್ರಶ್ನೆಯ ಮಾತುಗಳ ಮೇಲೂ ಎಚ್ಚರವಿರಲಿ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಒಂದು ಪ್ರಯೋಗ ಮಾಡಿದರು. ಕಾರುಗಳ ಅಪಘಾತದ ಫಿಲ್ಮ್ ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಅಂತ ಕೇಳಿದರು. ಕೆಲವರಿಗೆ ‘ಅಪ್ಪಳಿಸಿದಾಗ’ ಅನ್ನುವಂಥ ಜೋರಾದ ಮಾತು ಬಳಸಿದರು, ಕೆಲವರಿಗೆ ‘ತಾಗಿದಾಗ’ ಅನ್ನುವಂಥ ಮೆತ್ತಗಿನ ಮಾತು. ಜೋರಾದ ಮಾತು ಕೇಳಿದವರು ವೇಗವನ್ನೂ ಜಾಸ್ತಿ ಹೇಳಿದರು. ಹಾಗಾಗಿ ‘ಆ ವಾರ್ಡನ್ ನಮ್ಮನ್ನು ಚಚ್ಚುತ್ತಿದ್ದರಲ್ವಾ?’ ಅಂತ ಕೇಳಬೇಡಿ. ‘ಆ ವಾರ್ಡನ್ ಬಗ್ಗೆ ನಿಂಗೆ ಏನು ನೆನಪಿದೆ?’ ಅಂತ ಕೇಳಿ ಸುಮ್ಮನಿರಿ. ಇಬ್ಬರ ನೆನಪು ಬೇರೆ ಬೇರೆ ಇದ್ದರೆ ಎರಡನ್ನೂ ಪುಟದ ಮೇಲೆ ಇಡಿ. ನಿಮಗೆ ಹೊಡೆದವರೇ ಇನ್ನೊಬ್ಬಳಿಗೆ ತಲೆ ಬಾಚಿ ಜಡೆ ಹಾಕಿದ್ದಿರಬಹುದು.

ಅವರ ಕಥೆ ಅವರದ್ದು ಅನ್ನುವುದು ನೆನಪಿರಲಿ. ತಾನು ಆಶ್ರಮದಲ್ಲಿ ಬೆಳೆದೆ ಅಂತ ಗಂಡನ ಮನೆಯಲ್ಲಿ ಹೇಳಿಕೊಳ್ಳದವರು ಇದ್ದಾರೆ. ಕೆಲಸದ ಜಾಗದಲ್ಲಿ ಬಾಯಿ ಬಿಡದವರು ಇದ್ದಾರೆ. ಬರೆದ ಭಾಗವನ್ನು ಅವರಿಗೆ ತೋರಿಸಿ ಒಪ್ಪಿಗೆ ಕೇಳಿ. ಬೇಡ ಅಂದರೆ ತೆಗೆಯಿರಿ. ಬರೀ ಹೆಸರು ಬದಲಾಯಿಸಿದರೆ ಸಾಲದು. ಮುಖದ ಗುರುತು, ಊರು, ಕೆಲಸ, ಬಂದ ವರ್ಷ ಎಲ್ಲವೂ ಬದಲಾಗಬೇಕು.

ನೋವಿನ ಭಾಗ

ಹೊಡೆತ, ಹಸಿವು, ಮೈಮೇಲೆ ನಡೆದ ಅನ್ಯಾಯ ಇವನ್ನು ಮೊದಲು ಬರೆಯಲು ಹೋಗಬೇಡಿ. ಅದರ ಅಕ್ಕಪಕ್ಕದ ದಿನಗಳನ್ನು ಮೊದಲು ಬರೆಯಿರಿ. ಕೈ ಪಳಗಿದ ಮೇಲೆ ಅಲ್ಲಿಗೆ ಬನ್ನಿ.

ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ತಮ್ಮ ಬದುಕಿನ ನೋವಿನ ಘಟನೆ ಬರೆದರು. ನಡೆದದ್ದನ್ನೂ ಆಗ ಅನಿಸಿದ್ದನ್ನೂ ಸೇರಿಸಿ ಬರೆದವರಿಗೆ ಬರೆದ ತಕ್ಷಣ ಮನಸ್ಸು ಭಾರವಾಗಿತ್ತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಇದು ಎಲ್ಲರಿಗೂ ಆಗುವ ಔಷಧಿ ಅಂತ ನಾನು ಹೇಳುವುದಿಲ್ಲ. ಇದರಿಂದ ನಾನು ತೆಗೆದುಕೊಂಡದ್ದು ಎರಡು ವಿಷಯ. ಒಂದು, ಸಮಯಕ್ಕೆ ಮಿತಿ ಇರಲಿ. ಅಲಾರಂ ಇಟ್ಟುಕೊಂಡು ಬರೆಯಿರಿ, ಹೊಡೆದ ಕೂಡಲೇ ನಿಲ್ಲಿಸಿ, ಎದ್ದು ಹೊರಗೆ ಓಡಾಡಿ. ಇನ್ನೊಂದು, ಬರೆದ ಮೇಲೆ ಭಾರ ಅನಿಸಿದರೆ ಗಾಬರಿಯಾಗಬೇಡಿ. ಆದರೆ ದಿನಗಟ್ಟಲೆ ನಿದ್ದೆ ಬರದಿದ್ದರೆ, ಆ ಘಟನೆ ಮತ್ತೆ ನಡೆಯುತ್ತಿದೆ ಅನಿಸಿದರೆ ಬರೆಯುವುದನ್ನು ಬಿಟ್ಟು ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಿ. ಪುಸ್ತಕ ಕಾಯುತ್ತದೆ.

ಇಲ್ಲಿ ವಾಕ್ಯಗಳು ಚಿಕ್ಕವಿರಲಿ. ಆಗ ನಿಮಗೆ ಎಷ್ಟು ಗೊತ್ತಿತ್ತೋ ಅಷ್ಟೇ ಬರೆಯಿರಿ. ಏಳು ವರ್ಷದ ಮಗುವಿಗೆ ‘ದೌರ್ಜನ್ಯ’ ಅನ್ನುವ ಮಾತು ಗೊತ್ತಿರುವುದಿಲ್ಲ. ಬಾಗಿಲ ಚಿಲಕದ ಸದ್ದು ಗೊತ್ತಿರುತ್ತದೆ. ದೊಡ್ಡವರಾಗಿ ಈಗ ನಿಮಗೆ ಅನಿಸುವುದನ್ನು ಬೇರೆ ಪ್ಯಾರಾದಲ್ಲಿ, ಈಗಿನ ದನಿಯಲ್ಲೇ ಬರೆಯಿರಿ.

ಉಳಿದುಕೊಂಡದ್ದು ಹೇಗೆ

ಹೆಚ್ಚಿನವರು ಕಷ್ಟವನ್ನು ನೂರು ಪುಟ ಬರೆದು, ಅದರಿಂದ ಪಾರಾದದ್ದನ್ನು ಅರ್ಧ ಪುಟದಲ್ಲಿ ಮುಗಿಸುತ್ತಾರೆ. ‘ಛಲ ಬಿಡಲಿಲ್ಲ, ಓದಿದೆ, ಗೆದ್ದೆ’ ಅಂತ. ನನಗೆ ಇದು ಸಾಲದು. ದಿನದಿನ ಏನು ಮಾಡಿದಿರಿ ಅನ್ನುವುದು ಬೇಕು. ಹೆಜ್ಜೆ ಸಪ್ಪಳ ಕೇಳಿಯೇ ಬರುವವರು ಯಾರು, ಯಾವ ಮೂಡಿನಲ್ಲಿದ್ದಾರೆ ಅಂತ ಹೇಳುತ್ತಿದ್ದಿರಾ? ಪೆನ್ಸಿಲ್ ತುಂಡು ಎಲ್ಲಿ ಬಚ್ಚಿಡುತ್ತಿದ್ದಿರಿ? ಯಾರ ಹೋಂವರ್ಕ್ ಮಾಡಿಕೊಟ್ಟು ಯಾರ ರಕ್ಷಣೆ ಪಡೆದಿರಿ? ಸುಳ್ಳು ಹೇಳಿ ಬಚಾವಾಗಿದ್ದರೆ ಅದನ್ನೂ ಬರೆಯಿರಿ. ಮಗುವಿನ ಕೈಯಲ್ಲಿ ಇದ್ದದ್ದೇ ಅಷ್ಟು.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ಅವರ ಜೊತೆಯವರು ದಶಕಗಟ್ಟಲೆ ಗಮನಿಸಿದರು. ತುಂಬಾ ಕಷ್ಟದಲ್ಲಿ ಬೆಳೆದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಚೆನ್ನಾಗಿಯೇ ಬೆಳೆದು ನಿಂತರು. ಹಾಗೆ ನಿಂತವರಿಗೆ ಚಿಕ್ಕಂದಿನಲ್ಲಿ ಕಾಳಜಿಯಿಂದ ನೋಡಿಕೊಂಡವರು ಒಬ್ಬರಾದರೂ ಇದ್ದರು. ಅದು ತಂದೆತಾಯಿಯೇ ಆಗಿರಬೇಕಿರಲಿಲ್ಲ. ನಿಮಗೆ ಆ ಒಬ್ಬರು ಯಾರು? ನಾನು ಈ ಪ್ರಶ್ನೆ ಕೇಳಿದಾಗ ಮೊದಲು ಬರುವ ಉತ್ತರ ಸಾಮಾನ್ಯವಾಗಿ ಮೇಷ್ಟ್ರು, ಮೇಡಂ. ಇನ್ನೊಮ್ಮೆ ಕೇಳಿದರೆ ಬೇರೆ ಹೆಸರು ಬರುತ್ತವೆ. ಕಸ ಗುಡಿಸಲು ಬರುತ್ತಿದ್ದವರು, ರಾತ್ರಿ ಕಾವಲಿನವರು, ಪಕ್ಕದ ಮಂಚದ ಅಕ್ಕ. ಅವರಿಗೆ ಪೂರ್ತಿ ಒಂದು ಅಧ್ಯಾಯ ಕೊಡಿ. ಅವರ ಬಗ್ಗೆ ಬೇರೆ ಯಾರೂ ಎಲ್ಲೂ ಬರೆಯುವುದಿಲ್ಲ.

ಕೊನೆ ಎಲ್ಲಿ ಅಂತ ಕೇಳುತ್ತಾರೆ. ಕೆಲಸ ಸಿಕ್ಕಿದ್ದು, ಮದುವೆಯಾದದ್ದು, ಮನೆ ಕಟ್ಟಿದ್ದು ಬೇಡ. ಸಂಸ್ಥೆಯ ಗೇಟು ದಾಟಿದ ದಿನದವರೆಗೆ ಬಂದರೆ ಬಾಲ್ಯದ ಕಥೆಗೆ ಸಾಕು.

ಪ್ರಕಟಿಸುವ ಮುಂಚೆ

ಬದುಕಿರುವ ಯಾರ ಮೇಲಾದರೂ ಅಪರಾಧದ ಆರೋಪ ಇದ್ದರೆ, ಹೆಸರು ಬದಲಾಯಿಸಿದ್ದರೂ ವಕೀಲರೊಬ್ಬರಿಗೆ ಓದಿಸಿ. ಸತ್ಯ ಬರೆದಿದ್ದರೂ ಅದನ್ನು ತೋರಿಸುವ ದಾಖಲೆ ಕೇಳುತ್ತಾರೆ. ಆ ವ್ಯಕ್ತಿ ಈಗಲೂ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದರೆ ಪುಸ್ತಕಕ್ಕೆ ಕಾಯಬೇಡಿ, ಮೊದಲು ದೂರು ಕೊಡಿ.

ಮೊದಲ ಓದು ಜೊತೆಗೆ ಬೆಳೆದ ಒಬ್ಬರಿಂದ ಆಗಲಿ, ಎರಡನೆಯದು ಆಶ್ರಮದ ಒಳಗೆ ಕಾಲೇ ಇಡದ ಒಬ್ಬರಿಂದ. ಮೊದಲನೆಯವರು ‘ಇದು ಹೀಗಿರಲಿಲ್ಲ’ ಅಂದ ಕಡೆ ಗುರುತು ಹಾಕಿಕೊಳ್ಳಿ. ಎರಡನೆಯವರು ‘ಇದು ಅರ್ಥ ಆಗಲಿಲ್ಲ’ ಅಂದ ಕಡೆ ಇನ್ನೊಂದೆರಡು ಸಾಲು ಸೇರಿಸಿ. ‘ಪಾಪ’ ಅಂದ ಕಡೆಯೂ ಒಮ್ಮೆ ನೋಡಿ. ಅಲ್ಲಿ ನೀವು ಮಗುವನ್ನು ತೋರಿಸುವ ಬದಲು ಕರುಣೆ ಕೇಳಿರಬಹುದು.

ಫೈಲಿನ ಮೂಲ ಪ್ರತಿಗಳನ್ನು ಪ್ರಕಾಶಕರಿಗೆ ಕೊಡಬೇಡಿ, ಸ್ಕ್ಯಾನ್ ಮಾಡಿಸಿ ಕೊಡಿ. ಒಂದು ಸ್ಕ್ಯಾನ್ ನಿಮ್ಮ ಹತ್ತಿರ, ಇನ್ನೊಂದು ಬೇರೆ ಮನೆಯಲ್ಲಿ ಇರಲಿ. ಗುಂಪಿನ ಫೋಟೋ ಇದ್ದರೆ ಹಿಂಭಾಗದಲ್ಲಿ ನಿಮಗೆ ಗೊತ್ತಿರುವಷ್ಟು ಮಕ್ಕಳ ಹೆಸರನ್ನು ಪೆನ್ಸಿಲ್‌ನಲ್ಲಿ ಹಗುರವಾಗಿ ಬರೆದಿಡಿ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಗೀರು ಮುಂಭಾಗದ ಮುಖಗಳ ಮೇಲೆ ಏಳುತ್ತದೆ. ಹೆಸರು ಗೊತ್ತಿಲ್ಲದ ಮಗು ಸಾಲಿನಲ್ಲಿ ಎಷ್ಟನೆಯದು ಅಂತ ಬರೆದು, ಮುಂದೆ ಜಾಗ ಬಿಡಿ.